ಕಾರ್ಡಿನ ಮೇಲೆ ಎರಡು ಹೆಸರು

ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಮೇಲಿನ ಅಕ್ಷರ ಓದಬೇಕು. ಎಲ್ಲರೂ ಓದುತ್ತಾರೆ. ಆದರೆ ಭೂಗೋಳದ ಮೇಷ್ಟ್ರು ಕುರ್ಚಿಯಲ್ಲಿ ಕೂತವರೇ ಅಂಗಿಯ ಜೇಬಿನಿಂದ ಮೂರು ಬಣ್ಣದ ಕಾಗದ ತೆಗೆದು ಕನ್ನಡಕದಂಗಡಿಯವಳ ಮುಂದೆ ಹಿಡಿದರು.

"ಗೋಡೆ ಚೆನ್ನಾಗೇ ಕಾಣ್ಸುತ್ತೆ ಮೇಡಂ. ನನ್ನ ಕೈಲಿ ಇದನ್ನ ಓದಿಸಿ ಸಾಕು."

ನೀಲಿ, ಕಪ್ಪು, ಹಸಿರು. ಮೂರೂ ಕ್ರೆಡಿಟ್ ಕಾರ್ಡಿನ ಜಾಹೀರಾತುಗಳು. ಮೇಲೆ ದೊಡ್ಡದಾಗಿ ವಿಮಾನ, ಕಡಲು, ಟೋಪಿ ಹಾಕಿಕೊಂಡು ನಗುವ ಹೆಂಗಸು. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಷರತ್ತುಗಳು.

"ಇದು ಯಾರಿಗೂ ಕಾಣಬಾರದು ಅಂತಲೇ ಅಚ್ಚು ಹಾಕಿರೋದು ಮೇಷ್ಟ್ರೇ. ನಿಮ್ಮ ಕಣ್ಣಿನ ತಪ್ಪಲ್ಲ" ಎಂದಳು ಅವಳು.

ಬೀದಿಗೆಲ್ಲ ಅವಳು ಕನ್ನಡಕದಕ್ಕ. ಅಪ್ಪ ತೀರಿಕೊಂಡ ವರ್ಷ ಅಂಗಡಿಗೆ ಕೂತವಳು, ಈಗ ನಲವತ್ತೈದನೇ ವಯಸ್ಸಿನಲ್ಲೂ ಅಲ್ಲೇ ಕೂತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಎಲ್ಲರ ಕಣ್ಣು ನೋಡ್ತಾ ನೋಡ್ತಾ ಒಬ್ಬರ ಕಣ್ಣನ್ನೇ ನೋಡೋ ಅಭ್ಯಾಸ ತಪ್ಪಿಹೋಯ್ತು" ಎಂದು ನಗುತ್ತಿದ್ದಳು. ಕೇಳಿದವರೂ ನಕ್ಕು ಸುಮ್ಮನಾಗುತ್ತಿದ್ದರು. ನಗಿಸಿಬಿಟ್ಟರೆ ಮುಂದಿನ ಪ್ರಶ್ನೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮೇಷ್ಟ್ರಿಗೆ ನಲವತ್ತೊಂದು. ಅಂಗಡಿಯ ಹಿಂದಿನ ಬೀದಿಯ ಶಾಲೆಯಲ್ಲಿ ಪಾಠ. ಒಂದು ಮದುವೆ ಆಗಿ, ಮುರಿದು, ವರ್ಷಗಳೇ ಆಗಿದ್ದವು. ತೋಳಿನ ಮೇಲೆ ಯಾವಾಗಲೂ ಸ್ವಲ್ಪ ಸೀಮೆಸುಣ್ಣದ ಪುಡಿ.

ಅವಳು ಪರೀಕ್ಷೆಯ ಚೌಕಟ್ಟನ್ನು ಅವರ ಮೂಗಿನ ಮೇಲೆ ಕೂರಿಸಿ ಒಂದೊಂದೇ ಗಾಜು ಬದಲಿಸಿದಳು. "ಇದು ಚೆನ್ನಾ, ಇದು ಚೆನ್ನಾ?"

"ಎರಡೂ ಚೆನ್ನಾಗಿದೆ."

"ಎರಡೂ ಚೆನ್ನಾಗಿರೋಕೆ ಸಾಧ್ಯ ಇಲ್ಲ. ಸರಿಯಾಗಿ ನೋಡಿ."

"ಸರಿಯಾಗೇ ನೋಡ್ತಿದೀನಲ್ಲ" ಎಂದರು ಮೇಷ್ಟ್ರು. ಅವರು ಗಾಜನ್ನು ನೋಡುತ್ತಿರಲಿಲ್ಲ.

ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯುವಾಗ ಕನ್ನಡಕದವರು ಎದುರಿನವರ ಮುಖದ ಹತ್ತಿರ ಬರಲೇಬೇಕು. ಸಣ್ಣ ಅಳತೆಪಟ್ಟಿಯನ್ನು ಮೂಗಿನ ಬುಡದ ಮೇಲಿಟ್ಟು, "ನನ್ನ ಎಡಗಣ್ಣು ನೋಡಿ. ಈಗ ಬಲಗಣ್ಣು" ಎನ್ನಬೇಕು. ಇದನ್ನು ಅವಳು ಸಾವಿರಾರು ಜನಕ್ಕೆ ಹೇಳಿದ್ದಳು, ಒಮ್ಮೆಯೂ ನಾಲಿಗೆ ತಡವರಿಸಿರಲಿಲ್ಲ. ಅವತ್ತು ತಡವರಿಸಿತು.

"ಎರಡೂ ಒಟ್ಟಿಗೆ ನೋಡಬಹುದಾ?" ಎಂದರು ಮೇಷ್ಟ್ರು.

"ಕಾಯಿದೆಯಲ್ಲಿ ಅದಿಲ್ಲ" ಎಂದು ಅವಳು ಪಟ್ಟಿ ತೆಗೆದಳು. ಅಳತೆ ಮರೆತುಹೋಗಿತ್ತು. ಮತ್ತೆ ಇಟ್ಟಳು.

ಗಾಜು ಸಿದ್ಧವಾಗುವವರೆಗೆ ಜಾಹೀರಾತುಗಳ ಸಣ್ಣ ಅಕ್ಷರವನ್ನು ತಾನೇ ಓದಿ ಹೇಳುವೆನೆಂದು ಅವಳು ಬಾಯಿತಪ್ಪಿ ಅಂದಳು. ಮೇಷ್ಟ್ರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಶಾಲೆ ಬಿಟ್ಟ ಮೇಲೆ ಹೊಸದೊಂದು ಕಾಗದ ಹಿಡಿದು ಹಾಜರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಬ್ಬರೂ ಕೌಂಟರಿನ ಎರಡು ಬದಿಗೆ ಕೂತು ಕಾರ್ಡುಗಳನ್ನು ಅಳೆದು ತೂಗುತ್ತಿದ್ದರು.

"ಕಪ್ಪು ಕಾರ್ಡು ಏರ್‌ಪೋರ್ಟಲ್ಲಿ ಕೂರೋ ಲಾಂಜ್ ಫ್ರೀ ಅನ್ನುತ್ತೆ" ಎಂದು ಅವಳು ಕಾಗದವನ್ನು ತೋಳುದ್ದ ದೂರ ಹಿಡಿದು ಓದುತ್ತಿದ್ದಳು. "ಆದ್ರೆ ಹಿಂದಿನ ಮೂರು ತಿಂಗಳಲ್ಲಿ ನೀವು ಮನೆ ಮಾರಿದಷ್ಟು ಖರ್ಚು ಮಾಡಿರಬೇಕು. ನಿಮ್ಮ ಸಂಬಳಕ್ಕೆ ಲಾಂಜ್ ಬಾಗಿಲ ಹೊರಗೆ ನಿಂತು ಒಳಗಿನವರನ್ನ ನೋಡಬಹುದು."

"ನೋಡೋದಕ್ಕೆ ಶುಲ್ಕ ಇದೆಯಾ?"

"ವಾರ್ಷಿಕ ಶುಲ್ಕ ಇದೆ. ಎರಡನೇ ವರ್ಷದಿಂದ."

"ಹಸಿರು?"

"ಹಸಿರಿಗೆ ಶುಲ್ಕ ಇಲ್ಲ. ಆದ್ರೆ ವಿಮಾನದ ಟಿಕೆಟ್ಟಿಗೆ ಅಂತ ಸೇರಿಸಿದ ಮೈಲ್ಸ್ ಪಾಯಿಂಟು ವರ್ಷದೊಳಗೆ ಬಳಸದಿದ್ರೆ ಸತ್ತುಹೋಗುತ್ತೆ. ಹೊರದೇಶದಲ್ಲಿ ಉಜ್ಜಿದ್ರೆ ಮೇಲೊಂದಿಷ್ಟು ಕಿತ್ಕೊಳ್ತಾರೆ."

"ನೀಲಿ?"

ನೀಲಿಯ ಬಗ್ಗೆ ಅವಳು ಕಾಗದ ನೋಡಬೇಕಾಗಿರಲಿಲ್ಲ. ಏಳು ವರ್ಷದಿಂದ ಅದು ಅವಳ ಪರ್ಸಿನಲ್ಲೇ ಇತ್ತು. ಅಂಗಡಿಗೆ ಬರುವ ಗಾಜು, ಚೌಕಟ್ಟು, ಡಬ್ಬಿ, ಒರೆಸುವ ಬಟ್ಟೆ, ಎಲ್ಲವನ್ನೂ ಅದರ ಮೇಲೇ ಕೊಂಡು, ತಿಂಗಳು ತಿಂಗಳು ತಪ್ಪದೆ ಕಟ್ಟಿ ಪಾಯಿಂಟು ಗುಡ್ಡೆ ಹಾಕಿದ್ದಳು. ಅದರ ಪಾಯಿಂಟು ಸಾಯುವುದಿಲ್ಲ. ಒಂದೇ ಒಂದು ಕಟ್ಟುನಿಟ್ಟು: ವರ್ಷಕ್ಕೊಮ್ಮೆ ಇಬ್ಬರ ಹೆಸರು ಬರೆಸಬೇಕು, ಆ ವರ್ಷ ಆ ಇಬ್ಬರು ಮಾತ್ರ ಪಾಯಿಂಟಿನ ಮೇಲೆ ಪುಕ್ಕಟೆ ವಿಮಾನ ಹತ್ತಬಹುದು. ಬರೆಸಿದ ಮೇಲೆ ವರ್ಷ ತುಂಬುವವರೆಗೆ ಬದಲಾಯಿಸುವಂತಿಲ್ಲ. ಇದನ್ನೆಲ್ಲ ಅವಳು ಬಾಯಿಪಾಠದ ಹಾಗೆ ಹೇಳಿದಳು.

"ಹಾಗಾದ್ರೆ ನೀವು ಬೇಕಾದಷ್ಟು ಊರು ಸುತ್ತಿದೀರಿ ಅನ್ನಿ" ಎಂದರು ಮೇಷ್ಟ್ರು, ಮುಖ ಅರಳಿಸಿ.

"ಮೊದಲನೇ ಸಲ ತಮ್ಮ, ಅವನ ಹೆಂಡತಿ. ಹನಿಮೂನು. ಆಮೇಲೆ ಅಮ್ಮ, ತಮ್ಮ. ಆಮೇಲೆ ಮತ್ತೆ ತಮ್ಮ, ಅವನ ಹೆಂಡತಿ."

"ನೀವು?"

"ಅಂಗಡಿ ಯಾರು ನೋಡ್ಕೊಳ್ತಾರೆ?"

ಈ ಉತ್ತರಕ್ಕೆ ಇದುವರೆಗೆ ಎಲ್ಲರೂ ತಲೆಯಾಡಿಸಿದ್ದರು. ಮೇಷ್ಟ್ರು ಆಡಿಸಲಿಲ್ಲ. ತುಟಿ ಬಿಗಿದುಕೊಂಡು ಅವಳನ್ನೇ ನೋಡಿದರು. ಆ ನೋಟದಲ್ಲಿ ಕನಿಕರ ಇದ್ದಿದ್ದರೆ ಅವಳು ಎದ್ದುಹೋಗುತ್ತಿದ್ದಳು. ಇದ್ದದ್ದು ಸಿಟ್ಟು. ತನ್ನ ಪರವಾಗಿ ಇನ್ನೊಬ್ಬರು ಸಿಟ್ಟಾಗುವುದು ಹೇಗಿರುತ್ತದೆಂದು ಅವಳು ಮರೆತೇಬಿಟ್ಟಿದ್ದಳು. ಅದು ಎದೆಗೆ ಬಿಸಿಯಾಗಿ ತಾಗಿತು.

"ನೀವು ಯಾಕೆ ಹೊರಟಿದೀರಿ ಹೇಳಿ" ಎಂದು ಮಾತು ತಿರುಗಿಸಿದಳು.

"ನದಿ ಸಮುದ್ರ ಸೇರೋ ಜಾಗ ಮೇಲಿಂದ ನೋಡ್ಬೇಕು. ವರ್ಷಾ ವರ್ಷಾ ಬೋರ್ಡ್ ಮೇಲೆ ಬಿಡಿಸ್ತೀನಿ. ನದಿ ಕೊನೇಲಿ ಹತ್ತಾರು ಕವಲಾಗಿ ಒಡೆಯುತ್ತೆ ಅಂತೀನಿ. ಈ ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು, 'ಸರ್, ನೀವು ನೋಡಿದೀರಾ' ಅಂತ ಕೇಳಿಬಿಟ್ಳು. ಪುಸ್ತಕದಲ್ಲಿ ನೋಡಿದೀನಿ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು." ಅವರೂ ನಕ್ಕರು. "ಕಿಟಕಿ ಸೀಟು ಬೇಕು ನನಗೆ. ಉಳಿದಿದ್ದೆಲ್ಲ ಹೆಂಗಿದ್ರೂ ನಡೆಯುತ್ತೆ."

ಅವತ್ತು ರಾತ್ರಿ ಅಡುಗೆಮನೆಯಲ್ಲಿ ಅವಳು ಸುಮ್ಮಸುಮ್ಮನೆ ನಗುತ್ತಿದ್ದಳೆಂದು ಅಮ್ಮ ಎರಡು ಸಲ ಬಂದು ನೋಡಿ ಹೋದರು.

ಮರುದಿನ ಮೇಷ್ಟ್ರು ಬಂದವರೇ ಕೌಂಟರಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, ಅವಳ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡಿದರು.

"ಮೇಡಂ, ಇಬ್ಬರು ಹೋಗೋದಾದ್ರೆ ಯಾವ ಕಾರ್ಡು ಒಳ್ಳೇದು?"

"ಇಬ್ಬರು ಅಂದ್ರೆ?"

"ನಾನು ಮತ್ತೆ... ಇನ್ನೊಬ್ರು. ಇನ್ನೂ ಅವರನ್ನ ಕೇಳಿಲ್ಲ."

ಅವಳ ಮುಖದ ನಗು ದೀಪ ಆರಿಸಿದ ಹಾಗೆ ಹೋಯಿತು. ಯಾರೋ ಇದ್ದಾಳೆ. ಇರಲೇಬೇಕು. ಶಾಲೆಯಲ್ಲಿ ಚಂದದ ಟೀಚರುಗಳಿಗೇನು ಬರ. ತನ್ನನ್ನು ತಾನು ಯಾರೆಂದುಕೊಂಡಿದ್ದಳು? ಸಣ್ಣ ಅಕ್ಷರ ಓದಿಕೊಡುವವಳು, ಅಷ್ಟೆ.

"ನಿಮ್ಮಿಷ್ಟ. ಮೂರೂ ಒಂದೇ. ಇವತ್ತು ಕೆಲಸ ಇದೆ ನನಗೆ" ಎಂದು ಹಿಂದಿನ ಕೋಣೆಗೆ ಹೋದಳು. ಅಲ್ಲಿಂದಲೇ ಗಾಜಿನ ಕಾರ್ಖಾನೆಗೆ ಫೋನ್ ಮಾಡಿ ಇಷ್ಟು ದಿನ ಬೇಕೆಂದೇ ಮುಂದೂಡುತ್ತಿದ್ದ ಮೇಷ್ಟ್ರ ಗಾಜಿನ ಆರ್ಡರ್ ಕೊಟ್ಟಳು. ಎಡಗಣ್ಣು ಇಷ್ಟು, ಬಲಗಣ್ಣು ಇಷ್ಟು, ನಡುವಿನ ಅಂತರ ಇಷ್ಟು ಎಂದು ಕಟಕಟನೆ ಒಪ್ಪಿಸಿದಳು. ಬರೆದಿಟ್ಟದ್ದನ್ನು ನೋಡುವ ತಾಳ್ಮೆಯೂ ಇರಲಿಲ್ಲ. ಕನ್ನಡಕ ಕೊಡುವ ದಿನವೂ ಡಬ್ಬಿಯನ್ನು ಕೌಂಟರಿನ ಮೇಲೆ ತಳ್ಳಿ, ಕಿವಿಯ ಹಿಂದಿನ ಕಡ್ಡಿ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದೂ ನೋಡಲಿಲ್ಲ. ತಲೆ ತಗ್ಗಿಸಿ ತಪ್ಪು ಮಾಡಿದವರಂತೆ ಮೇಷ್ಟ್ರು ಹೊರಟುಹೋದರು.

ಆಮೇಲೆ ಸುಮಾರು ದಿನ ಅವರ ಸುಳಿವಿಲ್ಲ. ಪೀಡೆ ತೊಲಗಿತು ಎಂದುಕೊಂಡಳು. ಶಾಲೆ ಬಿಡುವ ಗಂಟೆ ಕೇಳಿದಾಗಲೆಲ್ಲ ಮಾತ್ರ ಕೌಂಟರಿನ ಗಾಜನ್ನು ಇನ್ನೊಮ್ಮೆ ಒರೆಸುತ್ತಿದ್ದಳು.

ಕೊನೆಗೆ ಒಂದು ಸಂಜೆ ಅವರು ಬಂದರು. ಕನ್ನಡಕ ಹಾಕಿಕೊಂಡಿದ್ದರು, ಹಣೆಯ ನರ ಉಬ್ಬಿತ್ತು.

"ಒಂದು ಮಾತು ಕೇಳ್ಲಾ ಮೇಡಂ? ಹೊಸ ಕನ್ನಡಕ ಅಂದ್ರೆ ಹೀಗೇ ತಲೆನೋಯ್ತಾ ಇರುತ್ತಾ? ಪುಸ್ತಕನ ಮೂಗಿಗೆ ಅಂಟಿಸ್ಕೊಂಡ್ರೆ ಮಾತ್ರ ಕಾಣುತ್ತೆ. ಮಕ್ಕಳು ನನಗೆ 'ಮೂಸೋ ಮೇಷ್ಟ್ರು' ಅಂತ ಹೆಸರಿಟ್ಟಿದಾರೆ."

"ಇಷ್ಟು ದಿನ ಇದನ್ನ ಯಾಕೆ ಹಾಕ್ಕೊಂಡಿದ್ರಿ? ಅವತ್ತೇ ಬರೋದಲ್ವಾ?"

"ನೀವು ಮಾಡಿಕೊಟ್ಟಿದ್ದು. ತಪ್ಪಿರಲ್ಲ ಅಂದ್ಕೊಂಡೆ. ಜೊತೆಗೆ, ನೀವು ಸಿಟ್ಟಲ್ಲಿದ್ರಿ."

ಅವಳು ಕನ್ನಡಕವನ್ನು ಅವರ ಮುಖದಿಂದ ತಾನೇ ಬಿಡಿಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ತನ್ನ ಕಣ್ಣಿಗೆ ಏರಿಸಿದಳು. ಕೌಂಟರಿನ ಮೇಲೆ ಅವರು ಬಿಟ್ಟುಹೋಗಿದ್ದ ನೀಲಿ ಕಾಗದ ಇನ್ನೂ ಬಿದ್ದಿತ್ತು. ಅದರ ಕೆಳಗಿನ ಇರುವೆ ಸಾಲು ಒಂದೊಂದೇ ಅಕ್ಷರವಾಗಿ, ಕಪ್ಪಗೆ, ಸ್ಪಷ್ಟವಾಗಿ ಎದ್ದು ನಿಂತಿತು.

ಇದು ತನ್ನ ನಂಬರು! ತಿಂಗಳ ಹಿಂದೆ ಅಂಗಡಿ ಖಾಲಿಯಿದ್ದಾಗ ತನ್ನ ಕಣ್ಣನ್ನು ತಾನೇ ಪರೀಕ್ಷೆ ಮಾಡಿಕೊಂಡು, ವಯಸ್ಸಾಯಿತೆಂದು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ನಂಬರು. ಅಂತರವೂ ತನ್ನದೇ. ಅವತ್ತಿನ ಸಿಟ್ಟಿನಲ್ಲಿ ಮೇಷ್ಟ್ರ ಹೆಸರು ಹೇಳಿ ತನ್ನ ಕಣ್ಣನ್ನು ಆರ್ಡರ್ ಮಾಡಿದ್ದಳು. ಇಷ್ಟು ವರ್ಷದಲ್ಲಿ ಇಂಥ ತಪ್ಪು ಅವಳ ಕೈಯಿಂದ ಆಗಿರಲಿಲ್ಲ.

"ಅಯ್ಯೋ ದೇವ್ರೇ" ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ವಿಷಯ ಹೇಳುವಾಗ ಕಿವಿಯವರೆಗೆ ಕೆಂಪಾದಳು. ಮೇಷ್ಟ್ರು ಮೊದಲು ಕಣ್ಣರಳಿಸಿ ಕೇಳಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂದ್ರೆ ಇಷ್ಟು ದಿನ ನಿಮ್ಮ ಕಣ್ಣಲ್ಲೇ ಪ್ರಪಂಚ ನೋಡ್ತಿದ್ನಾ ನಾನು?"

"ನಗಬೇಡಿ. ಹೊಸದು ಮಾಡ್ಕೊಡ್ತೀನಿ. ನಿಮ್ಮ ಜೊತೆ ಬರೋರಿಗೂ ಬೇಕಿದ್ರೆ ಹೇಳಿ, ಅವರಿಗೂ ಮಾಡ್ಕೊಡ್ತೀನಿ" ಎಂದಳು, ಮೂಗಿನ ತುದಿಗೆ ಬಂದ ಸಿಟ್ಟನ್ನು ಮುಚ್ಚಲಾಗದೆ.

"ಅವರಿಗೆ ಆಗಲೇ ಮಾಡಿದೀರಲ್ಲ. ಹಾಕ್ಕೊಂಡು ನಿಂತಿದೀರಿ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಮೇಷ್ಟ್ರ ನಗು ಹೋಗಿತ್ತು. "ಕಾರ್ಡು ಆರಿಸೋಕೆ ಇಷ್ಟು ದಿನ ಬೇಕಾ ಮೇಡಂ? ಎಂಟನೇ ಕ್ಲಾಸ್ ಮಕ್ಕಳು ಮಧ್ಯಾಹ್ನದೊಳಗೆ ಆರಿಸ್ತಾರೆ. ನಾನು ಬರ್ತಿದ್ದಿದ್ದು ನಿಮ್ಮನ್ನ ಕೇಳೋಕೆ. ದಿನಾ ಕೇಳ್ದೆ ಹಿಂದಕ್ಕೆ ಹೋಗ್ತಿದ್ದೆ. ನನ್ನ ಜೊತೆ ಬರ್ತೀರಾ?"

ಕನ್ನಡಕದೊಳಗಿಂದ ಅವಳು ಅವರನ್ನು ನೋಡಿದಳು. ಅಷ್ಟು ಹತ್ತಿರದಿಂದ, ಅಷ್ಟು ಸ್ಪಷ್ಟವಾಗಿ ಯಾವ ಮುಖವನ್ನೂ ಅವಳು ಇತ್ತೀಚೆಗೆ ನೋಡಿರಲಿಲ್ಲ. ರೆಪ್ಪೆಯ ಮೇಲೆ ಕೂಡ ಸೀಮೆಸುಣ್ಣದ ಪುಡಿ ಇತ್ತು.

ಬರುತ್ತೇನೆ ಎನ್ನಲು ಬಾಯಿ ತೆರೆದಳು. "ಅಂಗಡಿ..." ಎಂಬ ಮಾತು ಹೊರಬಿತ್ತು. ಹಾಳು ಅಭ್ಯಾಸ.

ಮೇಷ್ಟ್ರು ಒತ್ತಾಯಿಸಲಿಲ್ಲ. "ನಿಧಾನಕ್ಕೆ ಹೇಳಿ. ಕನ್ನಡಕ ಮಾತ್ರ ನೀವೇ ಇಟ್ಕೊಳ್ಳಿ" ಎಂದು ಹೊರಟರು.

ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಸುತ್ತ ಮನೆಯವರೆಲ್ಲ ಇದ್ದರು. ನೀಲಿ ಕಾರ್ಡಿಗೆ ಹೆಸರು ಬರೆಸುವ ಸಮಯ ಬಂದಿತ್ತು. ತಮ್ಮ ಆಗಲೇ ಎಲ್ಲ ಗೊತ್ತು ಮಾಡಿಕೊಂಡಿದ್ದ. ಮದುವೆಯ ವಾರ್ಷಿಕೋತ್ಸವಕ್ಕೆ ಅವನೂ ಹೆಂಡತಿಯೂ ಒಂದು ದ್ವೀಪಕ್ಕೆ ಹೋಗುವುದು. ಅವನೇ ಬ್ಯಾಂಕಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಸಾರಿನ ಪಾತ್ರೆಯ ಪಕ್ಕ ಇಟ್ಟ.

"ಅಕ್ಕಾ, ಕಾರ್ಡು ನಿಂದಲ್ವಾ, ನಿನ್ನ ಧ್ವನಿ ಬೇಕಂತೆ. ಹೂಂ ಅಂದ್ರೆ ಸಾಕು. ಹೆಸರು ನಾನು ಹೇಳ್ತೀನಿ."

"ಹೂಂ ಅನ್ನೋದೇ ತಾನೇ ಅವಳ ಕೆಲಸ" ಎಂದು ಅಮ್ಮ ಪ್ರೀತಿಯಿಂದಲೇ ಅಂದರು. ಪ್ರೀತಿಯಿಂದ ಅಂದದ್ದಕ್ಕೇ ಅದು ಹೆಚ್ಚು ಚುಚ್ಚಿತು.

ಬ್ಯಾಂಕಿನ ಹುಡುಗಿಯ ಧ್ವನಿ ಸಕ್ಕರೆಯಾಗಿತ್ತು. "ನಮಸ್ಕಾರ ಮೇಡಂ. ಈ ವರ್ಷದ ಮೊದಲನೇ ಪ್ರಯಾಣಿಕರ ಹೆಸರು ಹೇಳಿ."

ತಮ್ಮ ಬಾಯಿ ತೆರೆಯುವ ಮೊದಲೇ ಅವಳು ತನ್ನ ಹೆಸರು ಹೇಳಿದಳು.

ತಮ್ಮ ನಕ್ಕ. "ಅಕ್ಕಾ, ಕಾರ್ಡು ಯಾರದು ಅಂತ ಕೇಳ್ತಿಲ್ಲ ಕಣೇ. ಹೋಗೋರು ಯಾರು ಅಂತ."

"ಗೊತ್ತು. ಹೋಗೋಳು ನಾನೇ."

ಸೌಟು ಹಿಡಿದ ಅಮ್ಮನ ಕೈ ಅಲ್ಲೇ ನಿಂತಿತು. "ಎಲ್ಲಿಗೆ ಹೋಗ್ತೀಯೇ? ಅಂಗಡಿ?"

"ಮುಚ್ಚಿರುತ್ತೆ. ನಾಲ್ಕು ದಿನ ಅಂಗಡಿ ಮುಚ್ಚಿದ್ರೆ ಯಾರ ಕಣ್ಣೂ ಹೋಗಲ್ಲ ಅಮ್ಮಾ."

"ಎರಡನೇ ಪ್ರಯಾಣಿಕರು ಮೇಡಂ?" ಎಂದಿತು ಫೋನು.

ಅವಳು ಮೇಷ್ಟ್ರ ಹೆಸರನ್ನು ಇನಿಷಿಯಲ್ ಸಮೇತ, ಬಿಡಿಸಿ ಬಿಡಿಸಿ ಹೇಳಿದಳು. ಧ್ವನಿ ಅಲುಗಲಿಲ್ಲ.

"ಯಾರದು?" ಎಂದ ತಮ್ಮ. ಮರುಕ್ಷಣ ಅವನಿಗೇ ಹೊಳೆಯಿತು. "ಆ ಸ್ಕೂಲ್ ಮೇಷ್ಟ್ರಾ? ನಿನಗಿಂತ ಚಿಕ್ಕೋನು. ಒಂದು ಮದುವೆ ಮುರ್ಕೊಂಡೋನು. ಈ ವಯಸ್ಸಲ್ಲಿ ಇದೆಲ್ಲಾ ಬೇಕಾ ನಿನಗೆ? ಜನ ಏನಂತಾರೆ?"

"ಜನದ ಕಣ್ಣು ನೋಡೋದೇ ನನ್ನ ಕೆಲಸ ಕಣೋ. ಎಷ್ಟು ದೂರ ಕಾಣುತ್ತೆ ಅಂತ ನನಗೆ ಗೊತ್ತು."

"ಪ್ರಯಾಣಿಕರಿಗೂ ನಿಮಗೂ ಸಂಬಂಧ ಏನು ಮೇಡಂ?" ಎಂದಳು ಬ್ಯಾಂಕಿನ ಹುಡುಗಿ. ಈಗ ಅವಳ ಧ್ವನಿಯಲ್ಲಿ ಸಕ್ಕರೆಗಿಂತ ಕುತೂಹಲ ಜಾಸ್ತಿ ಇತ್ತು. "ಪೋಷಕರು, ಮಕ್ಕಳು, ಒಡಹುಟ್ಟಿದವರು, ಸಂಗಾತಿ, ಇತರೆ."

"ಸಂಬಂಧ ಏನೂ ಇಲ್ಲ ಮೇಡಂ, ಅಂಗಡಿ ಗಿರಾಕಿ" ಎಂದು ತಮ್ಮ ಫೋನಿನ ಮೇಲೆ ಬಾಗಿದ. "ಇತರೆ ಅಂತ ಹಾಕಿ. ಬೇಡ, ಏನೂ ಹಾಕ್ಬೇಡಿ, ಆಮೇಲೆ ಮಾಡ್ತೀವಿ."

ಅವಳು ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. "ಸಂಗಾತಿ ಅಂತ ಬರ್ಕೊಳ್ಳಿ."

"ಮದುವೆ... ಆಗಿದ್ಯಾ ಮೇಡಂ?"

"ನಿಮ್ಮ ಪಟ್ಟೀಲಿ ಹಾಗಂತ ಕೇಳಿದ್ಯಾ?"

"ಇಲ್ಲ ಮೇಡಂ."

"ಮತ್ತೆ ನೀವ್ಯಾಕೆ ಕೇಳ್ತೀರಿ? ಬರ್ಕೊಳ್ಳಿ."

ಕೀಲಿಗಳ ಟಕಟಕ ಕೇಳಿಸಿತು. "ಒಂದು ಸಲ ಬರೆದ್ರೆ ವರ್ಷ ತುಂಬೋವರೆಗೆ ಬದಲಾಯಿಸೋಕಾಗಲ್ಲ ಮೇಡಂ. ಒಪ್ಪಿಗೆನಾ?"

"ಅಕ್ಕಾ, ಬೇಡ" ಎಂದ ತಮ್ಮ. "ನಮ್ಮ ಟ್ರಿಪ್ಪು..."

"ನಿನ್ನ ಟ್ರಿಪ್ಪು ನಿನ್ನ ದುಡ್ಡಲ್ಲಿ ಮಾಡೋ. ಇಷ್ಟು ವರ್ಷ ಖುಷಿಯಾಗೇ ಕೊಟ್ಟೆ. ಮುಂದೆ ಕೊಟ್ರೂ ಖುಷಿಯಾಗೇ ಕೊಡ್ತೀನಿ. ಆದ್ರೆ ಇನ್ನು ಮೇಲೆ ಕೇಳಿ ತಗೋ, ಫೋನ್ ಹಚ್ಚಿಟ್ಟು ಹೂಂ ಅನ್ನು ಅನ್ಬೇಡ." ಫೋನಿಗೆ ಬಾಯಿ ಹತ್ತಿರ ತಂದಳು. "ಒಪ್ಪಿಗೆ ಇದೆ."

ಆಗ ಅಲ್ಲಿಯವರೆಗೆ ತಟ್ಟೆ ನೋಡುತ್ತ ಕೂತಿದ್ದ ತಮ್ಮನ ಹೆಂಡತಿ, ಗಂಡನ ಮುಖ ನೋಡದೆ, ಮೆಲ್ಲಗೆ ಅಂದಳು: "ಅಕ್ಕಾ, ಹಾಗೇ ಕಿಟಕಿ ಸೀಟೂ ಕೇಳಿಬಿಡಿ. ಆಮೇಲೆ ಸಿಗಲ್ಲ."

ಅವತ್ತು ಸಂಜೆ ಅಮ್ಮ ಅವಳ ಕೋಣೆಯ ಬಾಗಿಲ ಬಳಿ ಬಂದು ನಿಂತು, "ಅವನು ಊಟ ತಿಂಡಿ ಎಲ್ಲಾ ಸರಿಯಾಗಿ ಮಾಡ್ತಾನಾ, ಇಲ್ಲಾ ಆ ಸೀಮೆಸುಣ್ಣನೇ ತಿನ್ಕೊಂಡಿದಾನಾ?" ಎಂದು ಕೇಳಿ ಒಳಗೆ ಹೋದರು. ಅದು ಒಪ್ಪಿಗೆಯಲ್ಲ. ಆದರೆ ಬೇಡ ಎಂದೂ ಅಲ್ಲ. ಒಪ್ಪಿಗೆಗೆ ಕಾಯುತ್ತ ಕೂರುವ ಕಾಲ ತನಗೆ ಮುಗಿಯಿತೆಂದು ಅವಳಿಗೆ ಆಗಲೇ ತಿಳಿದಿತ್ತು.

ಸೋಮವಾರ ಬೆಳಿಗ್ಗೆ ಕನ್ನಡಕದಂಗಡಿಯ ಬಾಗಿಲು ತೆರೆಯಲಿಲ್ಲ. ಎದುರಿನ ಅಂಗಡಿಯವರು, "ಏನಕ್ಕಾ, ಹುಷಾರಿಲ್ವಾ?" ಎಂದು ಕೂಗಿದರು. "ಎಂದೂ ಇಲ್ಲದಷ್ಟು ಹುಷಾರಾಗಿದೀನಿ" ಎಂದು ಕೂಗಿ, ಮೇಷ್ಟ್ರು ಬಿಟ್ಟುಹೋದ ಕನ್ನಡಕ ಏರಿಸಿಕೊಂಡು ಹಿಂದಿನ ಬೀದಿಗೆ ನಡೆದಳು. ವಯಸ್ಸು ಮುಚ್ಚಿಡುವುದನ್ನೂ ಬಿಟ್ಟಿದ್ದಳು.

ಶಾಲೆಯ ಮಹಡಿಯ ಕೊನೆಯ ಕೋಣೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ನದಿ ಬಿಡಿಸುತ್ತಿದ್ದರು. ಹತ್ತಾರು ಕವಲು ಒಡೆದು ಸಮುದ್ರಕ್ಕೆ ಇಳಿಯುವ ನದಿ. ಬಾಗಿಲಲ್ಲಿ ಅವಳನ್ನು ಕಂಡು ಅವರ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಮಕ್ಕಳೆಲ್ಲ ಒಟ್ಟಿಗೆ ತಿರುಗಿದರು.

"ಏನ್ ಮೇಡಂ ಇಲ್ಲಿ?" ಎನ್ನುತ್ತ ವರಾಂಡಕ್ಕೆ ಬಂದರು. "ಕನ್ನಡಕ ಸಿದ್ಧ ಆಯ್ತಾ?"

"ಕನ್ನಡಕ ನಾಡಿದ್ದು. ಈ ಸಲ ನಿಮ್ಮ ಕಣ್ಣೇ ಹಾಕ್ಸಿದೀನಿ." ಉಸಿರು ಎಳೆದುಕೊಂಡಳು. "ಯಾವ ಕಾರ್ಡಿಗೂ ಅರ್ಜಿ ಹಾಕ್ಬೇಡಿ. ನನ್ನ ನೀಲಿ ಕಾರ್ಡಲ್ಲಿ ನಿಮ್ಮ ಹೆಸರು ಬರೆಸಿದೀನಿ. ನನ್ನ ಹೆಸರಿನ ಕೆಳಗೆ."

ಮೇಷ್ಟ್ರ ಕಣ್ಣು ತುಂಬಿಕೊಂಡವು. ಸೀಮೆಸುಣ್ಣದ ಕೈಯಲ್ಲೇ ಒರೆಸಿಕೊಂಡು ಇನ್ನಷ್ಟು ಕೆಂಪು ಮಾಡಿಕೊಂಡರು.

"ಮನೇಲಿ?" ಎಂದು ಕೇಳಿದರು ಕೊನೆಗೆ.

"ಜಗಳ ಆಯ್ತು. ಇನ್ನೂ ಆಗುತ್ತೆ. ನಾನು ಹೆದರಲ್ಲ. ನೀವು ಹೆದರೋದಾದ್ರೆ ಈಗಲೇ ಹೇಳಿ, ಆದ್ರೆ ಹೇಳಿ ಪ್ರಯೋಜನ ಇಲ್ಲ. ವರ್ಷ ತುಂಬೋವರೆಗೆ ಹೆಸರು ತೆಗೆಯೋ ಹಾಗಿಲ್ಲ. ಷರತ್ತು ಗೊತ್ತಲ್ಲ?"

"ಗೊತ್ತು. ಹೇಳಿದ್ದು ನೀವೇ." ಅವರು ಒಂದು ಹೆಜ್ಜೆ ಹತ್ತಿರ ಬಂದರು. ಕನ್ನಡಕದೊಳಗಿನ ಅವಳ ಎಡಗಣ್ಣನ್ನು ನೋಡಿದರು, ಆಮೇಲೆ ಬಲಗಣ್ಣನ್ನು, ಆಮೇಲೆ ಎರಡನ್ನೂ ಒಟ್ಟಿಗೆ. "ಒಂದೇ ವರ್ಷಾನಾ?"

"ಮುಂದಿನ ವರ್ಷ ಮತ್ತೆ ಕೇಳ್ತಾರೆ."

"ಆಗ ಯಾರ ಹೆಸರು ಹೇಳ್ತೀರಿ?"

ಅವಳು ಅವರ ಸುಣ್ಣದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು, ತರಗತಿಯ ಬಾಗಿಲು, ಎರಡು ಕಿಟಕಿ, ಅವುಗಳ ತುಂಬ ತುರುಕಿಕೊಂಡಿದ್ದ ತಲೆಗಳು ಎಲ್ಲದರ ಎದುರಿಗೇ. ಹಿಂದಿನ ಬೆಂಚಿನ ಹುಡುಗಿ ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಮೇಷ್ಟ್ರು ಬೆಚ್ಚಿ ಕೈ ಬಿಡಿಸಿಕೊಳ್ಳಲು ನೋಡಿದರು.

ಅವಳು ಬಿಡಲಿಲ್ಲ. "ನೋಡ್ಲಿ ಬಿಡಿ" ಎಂದಳು. "ಎಲ್ಲರಿಗೂ ಚೆನ್ನಾಗಿ ಕಾಣ್ಲಿ."